ಪೈಲ್ವಾನನ ಗುದ್ದು, ಗಣಪಿಯ ಲಟಿಕೆ

ಪೈಲ್ವಾನ ಮತ್ತೊಂದು ಗಾಜಿನ ತೊಟ್ಟಿ ಒಡೆದು ನೆಲಕ್ಕೆ ಬಿದ್ದ ದಿನ ಬೇಲೆಕೋಡಿಯ ಕಡಲಜೀವಿ ಕೇಂದ್ರದಲ್ಲಿ ಕಲಿತವರೆಲ್ಲ ಮೇಜು ಹತ್ತಿ ನಿಂತಿದ್ದರು. ಕೆಳಗೆ ನೀರಿನಲ್ಲಿ ಉಳಿದವನು ಜಟ್ಟಪ್ಪ ಹರಿಕಂತ್ರ ಒಬ್ಬನೇ. ಅದು ಧೈರ್ಯವೇನೂ ಅಲ್ಲ. ಮೊಣಕಾಲು ಹಿಡಿದುಕೊಂಡಿದ್ದರಿಂದ ಅವನಿಗೆ ಮೇಜು ಹತ್ತಲು ಆಗಲಿಲ್ಲ, ಅಷ್ಟೆ. ಆದರೆ ಉಳಿದವನು ಸುಮ್ಮನಿರದೆ, ಕುಡಿಯುವ ನೀರಿನ ಹಿತ್ತಾಳೆ ಚೊಂಬನ್ನು ಅಡ್ಡ ಹಿಡಿದ. ಪೈಲ್ವಾನ ಚೊಂಬಿಗೆ ಟಣ್ಣೆಂದು ಒಂದು ಬಾರಿಸಿದ. ಚೊಂಬಿನ ಹೊಟ್ಟೆ ಒಳಗೆ ಹೋಯಿತು. ಆಮೇಲೆ, ಇದೂ ಒಂದು ಬಿಲವೇ ಇರಬೇಕೆಂದು ತಿಳಿದು ತಾನಾಗಿಯೇ ಅದರೊಳಗೆ ಹೊಕ್ಕು ಕೂತುಬಿಟ್ಟ. ಅಂದಿನಿಂದ ಪೈಲ್ವಾನನ ವಾಸ ಗಾಜು ಬಿಟ್ಟು ಪ್ಲಾಸ್ಟಿಕ್ ಡ್ರಮ್ಮಿಗೆ ಹೋಯಿತು, ಅವನನ್ನು ಸಾಕುವ ಕೆಲಸ ಜಟ್ಟಪ್ಪನ ಪಾಲಿಗೆ ಬಂತು.

ಪೈಲ್ವಾನ ಎಂದರೆ ಗೇಣುದ್ದದ ಒಂದು ಸೀಗಡಿ. ಸಾರಿಗೆ ಹಾಕುವ ಸೀಗಡಿಯಲ್ಲ. ನವಿಲಿನ ಬಣ್ಣವನ್ನೆಲ್ಲ ಕದ್ದು ಮೈಗೆ ಬಳಿದುಕೊಂಡಂಥ, ಎದೆಯ ಮುಂದೆ ಎರಡು ಗುದ್ದುಗೈ ಮಡಚಿ ಹಿಡಿದುಕೊಂಡಂಥ ಸೀಗಡಿ. ಬಲೆಗೆ ಬಿದ್ದರೆ ಮೀನುಗಾರರು ಬೈದು ತಿರುಗಿ ನೀರಿಗೆ ಎಸೆಯುತ್ತಿದ್ದರು. ಬೆರಳು ಒಡೆಯುತ್ತದೆಂದು ಅವರಿಗೆ ಗೊತ್ತಿತ್ತು. ಅದರ ಕಣ್ಣುಗಳೋ, ಕಡ್ಡಿಯ ತುದಿಗೆ ಸಿಕ್ಕಿಸಿದ ಗುಂಡುಗಳಂತೆ ಒಂದೊಂದು ಒಂದೊಂದು ಕಡೆ ತಿರುಗುತ್ತಿದ್ದವು. ಒಂದು ಕಣ್ಣು ಜಟ್ಟಪ್ಪನ ಮುಖ ನೋಡಿದರೆ ಇನ್ನೊಂದು ಅವನ ಕೈಯಲ್ಲಿ ತಿನ್ನಲು ಏನಿದೆ ಎಂದು ನೋಡುತ್ತಿತ್ತು.

ಊಟ ಹಾಕುವಾಗ ಜಟ್ಟಪ್ಪ ಡ್ರಮ್ಮಿಗೆ ಬಗ್ಗಿ ನಿಂತು ನೋಡುತ್ತಿದ್ದ. ಬಸವನಹುಳುವಿನ ಚಿಪ್ಪೊಂದನ್ನು ಹಾಕಿದರೆ ಪೈಲ್ವಾನ ಗಡಿಬಿಡಿ ಮಾಡುತ್ತಿರಲಿಲ್ಲ. ಮೊದಲು ಮೀಸೆಯಿಂದ ತಟ್ಟಿ ತಟ್ಟಿ ನೋಡುವುದು. ಹೊರಳಿಸುವುದು. ಎಲ್ಲಿ ತೆಳುವಿದೆ ಎಂದು ಹುಡುಕುವುದು. ಆಮೇಲೆ ಕೈ ಮಡಚಿಕೊಂಡು ಒಂದು ಕ್ಷಣ ಕಲ್ಲಿನಂತೆ ಕೂತುಬಿಡುವುದು. ಆಮೇಲಿನದು ಕಣ್ಣಿಗೆ ಕಾಣುತ್ತಿರಲಿಲ್ಲ. ಟಕ್ ಎನ್ನುವ ಸದ್ದು ಕೇಳುವಷ್ಟರಲ್ಲಿ ಚಿಪ್ಪಿನ ಚೂರು ನೀರಿನಲ್ಲಿ ತೇಲುತ್ತಿತ್ತು. ಒಂದಕ್ಕೆ ಒಡೆಯದಿದ್ದರೆ ಬೇಸರವಿಲ್ಲದೆ ಮತ್ತೊಂದು, ಮಗದೊಂದು.

“ಇಷ್ಟು ಸಣ್ಣ ಜೀವಕ್ಕೆ ಇಷ್ಟು ತಾಕತ್ತು ಎಲ್ಲಿಂದ ಬಂತು ಮೇಡಂ?” ಎಂದು ಅವನು ಒಮ್ಮೆ ಕೇಳಿದ.

ಶಾಲ್ಮಲಿ ಮೇಡಂ ಕೇಂದ್ರದ ವಿಜ್ಞಾನಿ. ಮೈಸೂರಿನ ಕಡೆಯವಳು, ಮೂವತ್ತು ದಾಟಿರಲಿಕ್ಕಿಲ್ಲ. ಮೀನಿನ ವಾಸನೆಗೆ ಮೂಗು ಮುಚ್ಚಿಕೊಳ್ಳದ ಒಂದೇ ಕಾರಣಕ್ಕೆ ಊರಿನ ಹೆಂಗಸರು ಅವಳನ್ನು ಒಳ್ಳೆಯವಳೆಂದು ತೀರ್ಮಾನಿಸಿದ್ದರು.

“ಜಟ್ಟಪ್ಪಣ್ಣ, ಒಂದು ಚಿಟಿಕೆ ಹೊಡೀರಿ” ಎಂದಳು. ಹೊಡೆದ. “ಈಗ ಹೆಬ್ಬೆರಳು ಮುಟ್ಟಿಸದೆ ಹೊಡೀರಿ.”

ನಡುಬೆರಳು ಗಾಳಿಯಲ್ಲಿ ಸುಮ್ಮನೆ ಆಡಿತು. ಸದ್ದಿಲ್ಲ.

“ನೋಡಿದ್ರಾ? ಬೆರಳಿನ ಬಲ ಹೆಚ್ಚೂ ಆಗ್ಲಿಲ್ಲ, ಕಡಿಮೇನೂ ಆಗ್ಲಿಲ್ಲ. ಹೆಬ್ಬೆರಳು ಅಡ್ಡ ನಿಂತು ತಡೆದಾಗ ಬಲ ಕೂಡಿಕೊಳ್ಳತ್ತೆ. ಜಾರಿದಾಗ ಒಟ್ಟಿಗೆ ಹೊರಗೆ ಬರತ್ತೆ. ಇವನ ತೋಳಿನೊಳಗೂ ಹಾಗೇ ಒಂದು ಅಗುಳಿ ಇದೆ. ಅಗುಳಿ ಹಾಕ್ಕೊಂಡು ಸ್ನಾಯು ನಿಧಾನಕ್ಕೆ ಎಳೆಯತ್ತೆ. ಪಕ್ಕದಲ್ಲಿ ಕುದುರೆ ಜೀನಿನ ಥರ ಬಾಗಿದ ಒಂದು ಚಿಪ್ಪಿದೆಯಲ್ಲ, ಅದು ಬಿಲ್ಲಿನ ಹಾಗೆ ಬಗ್ಗಿ ಆ ಬಲವನ್ನೆಲ್ಲ ಹಿಡಿದಿಟ್ಟುಕೊಳ್ಳತ್ತೆ. ಅಗುಳಿ ತೆಗೆದ್ರೆ ಮುಗೀತು.”

“ಅಂದ್ರೆ ತಾಕತ್ತಲ್ಲ, ತಾಳ್ಮೆ.”

“ಅಷ್ಟೇ ಅಲ್ಲ. ಗುದ್ದು ಎಷ್ಟು ಜೋರಾಗಿ ಬರತ್ತೆ ಅಂದ್ರೆ ಅಲ್ಲಿ ನೀರೇ ಒಡೆದು ಗುಳ್ಳೆ ಏಳತ್ತೆ. ಆ ಗುಳ್ಳೆ ಕುಸಿದಾಗ ಅದೇ ಜಾಗಕ್ಕೆ ಇನ್ನೊಂದು ಪೆಟ್ಟು.”

“ಒಂದು ಗುದ್ದು ತಕೊಂಡ್ರೆ ಇನ್ನೊಂದು ಪುಕ್ಕಟೆ” ಎಂದ ಜಟ್ಟಪ್ಪ. ಮೇಡಂ ನಕ್ಕಳು. ಆಮೇಲೆ ನಗು ನಿಲ್ಲಿಸಿ, “ಇಂಥ ಕೈ ಮನುಷ್ಯರಿಗೆ ಇದ್ದಿದ್ರೆ?” ಎಂದಳು. ಹಾಗೆಂದವಳು ಆ ಕೈಯನ್ನು ಮಾಡಲಿಕ್ಕೇ ಕೂತಳು.

ಅಂಥ ಕೈ ಯಾರಿಗೆ ಬೇಕು ಎಂದು ಜಟ್ಟಪ್ಪನಿಗೆ ಆ ಗಳಿಗೆಯಲ್ಲೇ ಗೊತ್ತಿತ್ತು. ಅವನ ಹೆಂಡತಿ ಗಣಪಿ ಹೊಳೆಯಂಚಿನ ಶೆಡ್ಡಿನಲ್ಲಿ ಕಲಗ ಒಡೆಯುವವಳು. ಕಲಗ ಎಂದರೆ ಬಂಡೆಗೆ ಕಚ್ಚಿಕೊಂಡು ಬೆಳೆಯುವ ಒರಟು ಚಿಪ್ಪು; ಒಳಗೆ ಬೆಣ್ಣೆಯಂಥ ಮಾಂಸ, ಹೊರಗೆ ಬಂಡೆಗಿಂತ ಬಂಡೆ. ಮದುವೆಯಾಗಿ ಬಂದ ವರ್ಷದಿಂದ ಸುತ್ತಿಗೆ ಹಿಡಿದು ಕುಟ್ಟಿ ಕುಟ್ಟಿ ಅವಳ ಬಲಗೈ ಮಣಿಕಟ್ಟು ಹೋಗಿತ್ತು. ಈಗ ಅನ್ನದ ಪಾತ್ರೆ ಇಳಿಸುವುದಕ್ಕೂ ಗಂಡನನ್ನು ಕರೆಯಬೇಕು. ಶೆಡ್ಡಿನವರು ಬಾಯಿಬಿಟ್ಟು ಹೇಳಿರಲಿಲ್ಲ; ಆದರೆ ಅವಳ ಬುಟ್ಟಿ ಎಲ್ಲರಿಗಿಂತ ಕೊನೆಗೆ ತುಂಬುವುದನ್ನು ನೋಡುತ್ತಿದ್ದರು. ಕೆಲಸ ಬಿಡು ಎಂದರೆ ಅವಳು ಬಿಡುವವಳಲ್ಲ. ಹಾಡು, ಜಗಳ, ಊರ ಸುದ್ದಿ ಎಲ್ಲ ಆ ಶೆಡ್ಡಿನಲ್ಲೇ ಇತ್ತು. ಮನೆಯಲ್ಲಿ ಇದ್ದದ್ದು ಜಟ್ಟಪ್ಪ ಮಾತ್ರ.

ಆ ಸಂಜೆ ಬಿಸಿನೀರಿನ ಬಟ್ಟೆಯಿಂದ ಅವಳ ಕೈಗೆ ಶಾಖ ಕೊಡುತ್ತ ಅವನು ಪೈಲ್ವಾನನ ಸುದ್ದಿ ಹೇಳಿದ.

“ಅದ್ರಲ್ಲೇ ಇನ್ನೊಂದು ಜಾತಿ ಉಂಟಂತೆ. ಗುದ್ದೂದಿಲ್ಲ, ತಿವಿಯೂದು. ಮಳಲಿನ ಬಿಲದೊಳಗೆ ಅಡಗಿ ಕಣ್ಣೆರಡೇ ಹೊರಗೆ ಇಟ್ಕೊಂಡು ಕೂರ್ತದೆ. ಮೀನು ಹತ್ರ ಬಂತೋ, ಚುಚ್ಚಿ ಒಳಗೆ ಎಳೀತು. ಗಂಡ ಹೆಂಡ್ತಿ ಕಡೇವರೆಗೂ ಒಂದೇ ಬಿಲದಲ್ಲಿ. ಗಂಡು ಬೇಟೆ ಹಿಡಿದು ತಂದು ಹೆಂಡ್ತಿ ಬಾಯಿಗೆ ಕೊಡ್ತದಂತೆ.”

“ಆ ಗಂಡನ ಮನೆ ಎಲ್ಲಿ ಅಂತ ನಂಗೆ ಮೊದ್ಲೇ ಯಾರೂ ಹೇಳ್ಲಿಲ್ವಲ್ಲ” ಎಂದಳು ಗಣಪಿ. “ಹೋಯ್, ಅಲ್ಲಿ ಅಲ್ಲ, ಸ್ವಲ್ಪ ಕೆಳಗೆ ಒತ್ತಿ.”

ಅಷ್ಟರಲ್ಲಿ ಪಕ್ಕದ ಮನೆಯ ತುಳಸಿ ಹೊಸ ಸೀರೆ ಉಟ್ಟು ತೋರಿಸಲು ಬಂದಳು. ಗಣಪಿ ನೋವನ್ನೂ ಮರೆತು ಎದ್ದು, ಎರಡೂ ಕೈಯಿಂದ ಅವಳ ಮುಖದ ಮೇಲಿಂದ ಕೆಳಗೆ ನಿವಾಳಿಸಿ, ಬಾಗಿಲ ಚೌಕಟ್ಟಿಗೆ ಬೆರಳಗಂಟು ಒತ್ತಿ ಲಟಲಟನೆ ಲಟಿಕೆ ಮುರಿದಳು. ಬೇರೆ ಕಡೆಯ ಹೆಂಗಸರು ದೃಷ್ಟಿ ತೆಗೆದರೆ ತಮ್ಮ ಕಣತಲೆಗೆ ಒತ್ತಿ ಲಟಿಕೆ ಮುರಿಯುತ್ತಾರೆ. ಬೇಲೆಕೋಡಿಯವರು ಹಾಗಲ್ಲ. ಕಂಡವರ ಕೆಟ್ಟ ಕಣ್ಣನ್ನು ತಮ್ಮ ತಲೆಗೆ ಯಾಕೆ ಹಚ್ಚಿಕೊಳ್ಳಬೇಕು ಎಂದು, ಹತ್ತಿರವಿದ್ದ ಗಟ್ಟಿ ವಸ್ತು ಯಾವುದೋ ಅದಕ್ಕೆ ಒತ್ತುತ್ತಾರೆ: ನೆಲ, ಗೋಡೆ, ಕಂಬ, ಒರಳು.

“ಊರಿಗೆಲ್ಲ ದೃಷ್ಟಿ ತೆಗೀತೀ. ನಂಗೆ ಒಂದು ದಿನ ತೆಗ್ದಿದ್ದುಂಟಾ ನೀನು?” ಎಂದ ಜಟ್ಟಪ್ಪ, ತುಳಸಿ ಹೋದ ಮೇಲೆ.

“ನಿಮಗೆ ಯಾರ ಕಣ್ಣು ತಾಗ್ತದೆ? ನೋಡಿದವ್ರ ಕಣ್ಣಿಗೇ ತ್ರಾಸು.”

ಮಳೆ ಹೋಗಿ ಚಳಿ ಬರುವಷ್ಟರಲ್ಲಿ ಮೇಡಂ ಕೈ ಮಾಡಿ ಮುಗಿಸಿದಳು. ನೋಡಲು ಮೊಣಕೈವರೆಗಿನ ಚೀಲ. ಬೆರಳಗಂಟಿನ ಮೇಲೆ ಅಡಕೆ ಗಾತ್ರದ ಒಂದು ಗಟ್ಟಿ ಮುಷ್ಟಿ, ಪಕ್ಕದಲ್ಲಿ ಜೀನಿನಂತೆ ಬಾಗಿದ ತಗಡು. ಮಣಿಕಟ್ಟನ್ನು ಒಳಕ್ಕೆ ಮಡಚಿದರೆ ಅಗುಳಿ ಬೀಳುತ್ತಿತ್ತು. ಮಡಚಿ ಹಿಡಿದಷ್ಟು ಹೊತ್ತು ತಗಡು ಬಗ್ಗುತ್ತಿತ್ತು. ಅದಕ್ಕೆ ಮಗುವಿನ ಬಲ ಸಾಕು. ಸಡಿಲ ಬಿಟ್ಟ ಕೂಡಲೇ ಗುದ್ದು. ಯಾರಿಗೂ ಪೆಟ್ಟಾಗಬಾರದೆಂದು ಪೈಲ್ವಾನನ ಮೀಸೆಯಂಥ ಎರಡು ತಂತಿಯನ್ನೂ ಇಟ್ಟಿದ್ದಳು. ಮುಟ್ಟಿದ್ದು ಮೆತ್ತಗಿದ್ದರೆ, ಅಂದರೆ ಚರ್ಮ, ಕೂದಲು, ಬಟ್ಟೆ ಇದ್ದರೆ, ಅಗುಳಿ ಬಿಡುತ್ತಿರಲಿಲ್ಲ. ಗಟ್ಟಿಯಿದ್ದರೆ ಮಾತ್ರ ಬಿಡುತ್ತಿತ್ತು.

ಮೊದಲು ತೊಟ್ಟದ್ದು ಗಣಪಿ. ನೀರು ತುಂಬಿದ ಕಲ್ಲಿನ ಬಾನಿಯೊಳಗೆ ಕಲಗವೊಂದನ್ನು ಎಡಗೈಯಲ್ಲಿ ಹಿಡಿದು, ಬಲಗೈ ಮಡಚಿ, ಉಸಿರು ಕಟ್ಟಿ, ಬಿಟ್ಟಳು. ಟಕ್. ಚಿಪ್ಪು ಬಾಯಿ ತೆರೆದು ಬಿತ್ತು. ಅವಳು ಕಲಗವನ್ನು ನೋಡಲಿಲ್ಲ. ತನ್ನ ಮಣಿಕಟ್ಟನ್ನೇ ತಿರುಗಿಸಿ ತಿರುಗಿಸಿ ನೋಡಿದಳು.

“ನೋವಾಯ್ತಾ ಗಣಪಕ್ಕ?” ಎಂದಳು ಮೇಡಂ ಗಾಬರಿಯಾಗಿ.

“ಇಲ್ಲಲ್ಲ! ಅದಕ್ಕೇ ನೋಡುದು.”

ಪರೀಕ್ಷೆಗೆಂದು ಗಣಪಿಗೆ, ತುಳಸಿಗೆ, ಶೆಡ್ಡಿನ ಇನ್ನೊಬ್ಬಳಿಗೆ ಒಂದೊಂದು ಕೈ ಕೊಟ್ಟರು. ಬೇಸಿಗೆ ಮುಗಿಯುವುದರೊಳಗೆ ಮೇಲಿನ ಕಮಿಟಿ ಬಂದು ನೋಡುತ್ತದೆ. ಒಪ್ಪಿದರೆ ಕರಾವಳಿಯ ಎಲ್ಲ ಶೆಡ್ಡಿಗೂ ಕೈ ಬರುತ್ತದೆ. ಒಪ್ಪದಿದ್ದರೆ ಕೊಟ್ಟದ್ದೂ ವಾಪಸು.

ಗಣಪಿಯ ಬುಟ್ಟಿ ಈಗ ಎಲ್ಲರಿಗಿಂತ ಮೊದಲು ತುಂಬತೊಡಗಿತು. ಅವಳು ಮನೆಯಲ್ಲೂ ಅದನ್ನು ಬಿಚ್ಚುತ್ತಿರಲಿಲ್ಲ. ಪಟ್ಟಿ ಬಿಗಿಯಾಗಿ ಹಿಡಿದಿರುತ್ತಿದ್ದರಿಂದ ಮಣಿಕಟ್ಟಿಗೆ ಆರಾಮ ಎಂದು ಹೇಳುತ್ತಿದ್ದಳು. ಉಳಿದಿಬ್ಬರೂ ಬಿಚ್ಚುತ್ತಿರಲಿಲ್ಲ. ಅವರಿಗೆ ಗತ್ತು.

ಹೀಗಿರುವಾಗ ತುಳಸಿಯ ಹಸು ಹೆಣ್ಣುಗರು ಹಾಕಿತು. ಹಣೆಯ ಮೇಲೆ ಬಿಳಿ ಬೊಟ್ಟಿನ ಕರು. ಗಣಪಿ ನೋಡಲು ಹೋದವಳು “ಅಯ್ಯೋ ನನ್ನ ಬಂಗಾರವೇ” ಎಂದು ನಿವಾಳಿಸಿ, ಅಕ್ಕಿ ತೊಳೆದ ಕಲಗಚ್ಚಿನ ಬಾನಿಯ ಅಂಚಿಗೆ ಲಟಿಕೆ ಮುರಿದಳು. ಬಾನಿ ಎರಡು ಹೋಳಾಯಿತು. ಕಲಗಚ್ಚು ಹಸುವಿನ ಕಾಲಡಿ ಹರಿದು ಹಸು ಹಗ್ಗ ಕಿತ್ತಿತು.

ದೃಷ್ಟಿ ತೆಗೆಯುವುದೆಂದರೆ ಮಣಿಕಟ್ಟು ಒಳಕ್ಕೆ ಮಡಚುವುದು, ಒತ್ತಿ ಹಿಡಿಯುವುದು, ಬಿಡುವುದು. ಕಲಗ ಒಡೆಯುವುದೂ ಅದೇ. ಪಾಪ, ಯಂತ್ರಕ್ಕೇನು ಗೊತ್ತು? ಮುಟ್ಟಿದ್ದು ಗಟ್ಟಿಯಿದೆ, ಕೈ ಸಡಿಲವಾಯಿತು, ಗುದ್ದಿತು.

ಬೇಲೆಕೋಡಿಯ ಹೆಂಗಸರಿಗೆ ದಿನಕ್ಕೊಂದಲ್ಲ ಒಂದು ಚಂದ ಕಾಣದೆ ಇರುತ್ತಿರಲಿಲ್ಲ. ಮೊಮ್ಮಗನ ಹೊಸ ಹಲ್ಲಿಗೆ ತೊಟ್ಟಿಲ ಕಾಲು ಹೋಯಿತು. ಮದುಮಗಳ ಜಡೆಗೆ ನಿಲುಗನ್ನಡಿ ಹೋಯಿತು. ಚೆನ್ನಾಗಿ ಉಬ್ಬಿದ ಇಡ್ಲಿಗೆ ತುಳಸಿ ದೃಷ್ಟಿ ತೆಗೆದು ಅಡುಗೆಕಟ್ಟೆಯ ಕಲ್ಲನ್ನೇ ಸೀಳಿದಳು. ಆದರೆ ಕೇಳಿದರೆ ಎಲ್ಲ ಮನೆಯಲ್ಲೂ ಒಂದೇ ಉತ್ತರ: “ಬೆಕ್ಕು ಬೀಳ್ಸಿತು.” ಸತ್ಯ ಹೇಳಿದರೆ ಕೈ ಕಿತ್ತುಕೊಂಡು ಹೋಗುತ್ತಾರೆಂಬ ಹೆದರಿಕೆ. ಬೇಲೆಕೋಡಿಯ ಬೆಕ್ಕುಗಳು ಹುಲಿಗಿಂತ ಜೋರೆಂದು ಸುತ್ತಲ ಊರಿಗೆಲ್ಲ ಸುದ್ದಿಯಾಯಿತು.

ಬೆಕ್ಕಿನ ಸುದ್ದಿ ಊರಿಗೆ ಸಾಕಿತ್ತು, ಕೇಂದ್ರದ ಕಂಪ್ಯೂಟರಿನ ಪರದೆಗೆ ಸಾಕಾಗಲಿಲ್ಲ. ಪ್ರತಿಯೊಂದು ಗುದ್ದೂ ಅಲ್ಲಿ ಕೆಂಪು ಚುಕ್ಕಿಯಾಗಿ ಬೀಳುತ್ತಿತ್ತು. ಮೇಡಂ ಜಟ್ಟಪ್ಪನನ್ನು ಕರೆದು ತೋರಿಸಿದಳು.

“ನೋಡಿ ಜಟ್ಟಪ್ಪಣ್ಣ, ಶೆಡ್ಡು ಮುಚ್ಚಿದ ಮೇಲೂ ಗಣಪಕ್ಕನ ಕೈ ಗುದ್ದಿದೆ. ದೀಪ ಹಚ್ಚೋ ಹೊತ್ತಲ್ಲಿ ಯಾರು ಕಲಗ ಒಡೀತಾರೆ?”

ಜಟ್ಟಪ್ಪ ಪರದೆಯಿಂದ ಮುಖ ತಿರುಗಿಸಿದ. “ಕಾಯಿ ಒಡೆದದ್ದು ಮೇಡಂ.”

“ದಿನಾ ಇಷ್ಟೊಂದು ಕಾಯಾ?”

“ಕಾಯಿ ಹಾಕದೆ ನಮ್ಮಲ್ಲಿ ಎಂತ ಅಡುಗೆ ಆಗ್ತದೆ ಮೇಡಂ?”

ಮೇಡಂ ಹಣೆ ಒತ್ತಿಕೊಂಡಳು. “ಯಂತ್ರ ತಾನಾಗಿ ಗುದ್ದುತ್ತಾ ಇದೆ ಅಂತ ನನಗೆ ಭಯ. ಹಾಗೇನಾದ್ರೂ ಇದ್ರೆ ಒಬ್ಬರ ಕೈಗೂ ಇದನ್ನ ಹಾಕೋ ಹಕ್ಕು ನನಗಿಲ್ಲ.” ಅವಳ ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿತ್ತು. ಜಟ್ಟಪ್ಪ ಪೈಲ್ವಾನನ ಡ್ರಮ್ಮಿನೊಳಕ್ಕೆ ನೋಡಿದ. ಪೈಲ್ವಾನ ಎರಡೂ ಕಣ್ಣನ್ನು ಅವನ ಮೇಲೇ ಇಟ್ಟಿದ್ದ.

ಮನೆಗೆ ಬಂದವನು, “ನಾಳೆ ಹೇಳಿಬಿಡ್ತೇನೆ ಗಣಪಿ. ಪಾಪ ಮೇಡಂ, ಆ ಮಗು ತನ್ನದೇ ತಪ್ಪು ಅಂತ ಕೊರಗ್ತದೆ” ಎಂದ.

ಗಣಪಿ ಸೌಟು ಕೆಳಗಿಟ್ಟಳು. “ಇವತ್ತು ನಾನೇ ನನ್ನ ಜಡೆ ಹಾಕ್ಕೊಂಡೆ. ನೋಡಿದ್ರಾ? ಇಷ್ಟು ವರ್ಷ ತುಳಸಿ ಹಾಕ್ತಿದ್ದಳು. ಹೇಳಿ. ಹೋಗಿ ಹೇಳಿ. ನಾಳೆಯಿಂದ ನೀವೇ ಜಡೆ ಹಾಕಿ.”

ಜಟ್ಟಪ್ಪ ಅವಳ ಜಡೆ ನೋಡಿದ. ಸೊಟ್ಟಗಿತ್ತು. ಆದರೆ ಅವಳೇ ಹಾಕಿದ್ದು. ಅವನು ಕೂತುಕೊಂಡ. ಕುರ್ಚಿ ಮುರಿದು ನೆಲಕ್ಕೆ ಬಿದ್ದ.

“ಅದಕ್ಕೆ ಬೆಳಿಗ್ಗೆ ಲಟಿಕೆ ತಾಗಿತ್ತು. ಹೇಳ್ಬೇಕು ಅಂತಿದ್ದೆ” ಎಂದಳು.

ನೆಲದಲ್ಲಿ ಕೂತೇ ಒಂದು ರಾಜಿಯಾಯಿತು. ಕಮಿಟಿ ಬಂದು ಹೋಗುವ ತನಕ ಅವಳು ಯಾವುದಕ್ಕೂ ದೃಷ್ಟಿ ತೆಗೆಯಬಾರದು.

“ಯಾರೂ ಯಾವುದನ್ನೂ ಹೊಗಳದೆ ಇದ್ರೆ ನಾನ್ಯಾಕೆ ತೆಗೀಲಿ?” ಎಂದಳು. “ಎದುರಿಗೇ ಹೊಗಳಿದ್ರೆ ಮಾತ್ರ ಕೈ ನನ್ನ ಮಾತು ಕೇಳೂದಿಲ್ಲ. ಮೊದ್ಲೇ ಹೇಳಿದ್ದೇನೆ.”

ಕಮಿಟಿಯ ಅಧ್ಯಕ್ಷರು ಧಾರವಾಡದ ಗಲಗಲಿ ಸಾಹೇಬರು. ದುಂಡು ಮುಖ, ದೊಡ್ಡ ಮನಸ್ಸು. ಲೋಕದಲ್ಲಿ ಕಂಡದ್ದನ್ನೆಲ್ಲ ಬಾಯಿತುಂಬ ಹೊಗಳಿಯೇ ಮುಂದಕ್ಕೆ ಹೋಗುವವರು. ಜೀಪಿನಿಂದ ಇಳಿಯುತ್ತಲೇ, “ಎಂಥಾ ಗಾಳಿ ರೀ! ಎಂಥಾ ಸಮುದ್ರ!” ಎಂದರು.

“ಗಾಳಿ ಎಂತದ್ದು ಸಾಹೇಬ್ರೆ, ಬರೀ ಉಪ್ಪು. ಕಬ್ಬಿಣ ಎಲ್ಲ ತಿಂದು ಹಾಕ್ತದೆ” ಎಂದು ಜಟ್ಟಪ್ಪ ಓಡಿ ಬಂದು ಹೇಳಿದ.

ಒಳಗೆ ಬಂದರು. “ಎಷ್ಟ ಸ್ವಚ್ಛ ಇಟ್ಟೀರಿ!”

“ಇವತ್ತು ಒಂದು ದಿನ ಸಾಹೇಬ್ರೆ. ನಾಳೆ ಬಂದ್ರೆ ಕಾಲಿಡೂಕೆ ಆಗೂದಿಲ್ಲ.”

ಶಾಲ್ಮಲಿ ಮೇಡಂ ಅವನನ್ನು ಕಣ್ಣಿನಲ್ಲೇ ಗದರಿದಳು. ಚಹಾ ಬಂತು. ಸಾಹೇಬರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. “ಆಹಾ!” ಎನ್ನುವಷ್ಟರಲ್ಲಿ ಜಟ್ಟಪ್ಪ, “ಹಾಲು ಒಡೆದಿತ್ತು” ಎಂದುಬಿಟ್ಟ. ಅವರು ಲೋಟ ಕೆಳಗಿಟ್ಟರು. ಮೇಜಿನ ಆ ಬದಿಗೆ ಯಂತ್ರದ ಕೈ ತೊಟ್ಟು ನಿಂತಿದ್ದ ಗಣಪಿ ಹಲ್ಲು ಕಚ್ಚಿಕೊಂಡಿದ್ದಳು. ಚಹಾ ಮಾಡಿದವಳು ಅವಳೇ.

ಕಲಗ ಒಡೆಯುವ ಪ್ರದರ್ಶನ ಚೆನ್ನಾಗಿಯೇ ಆಯಿತು. ಟಕ್, ಟಕ್, ಟಕ್. ಇನ್ನೇನು ಮುಗಿಯಿತು, ಸಾಹೇಬರು ಸಹಿ ಹಾಕಿ ಹೊರಡುತ್ತಾರೆ ಎಂದು ಜಟ್ಟಪ್ಪ ಉಸಿರು ಬಿಟ್ಟ. ಆಗ ಅವರ ಕಣ್ಣು ಮೇಜಿನ ನಡುವಿದ್ದ ತೊಟ್ಟಿಯ ಮೇಲೆ ಬಿತ್ತು. ಕಮಿಟಿಯವರು ಡ್ರಮ್ಮಿಗೆ ಬಗ್ಗಿ ನೋಡಲಾದೀತೇ ಎಂದು ಪೈಲ್ವಾನನನ್ನು ಆ ದಿನದ ಮಟ್ಟಿಗೆ ಹೊಸ ಗಾಜಿನ ತೊಟ್ಟಿಗೆ ಹಾಕಿದ್ದರು. ಬಿಸಿಲು ಬಿದ್ದು ಅವನ ಮೈ ಹಸಿರು, ಕೆಂಪು, ನೀಲಿಯಾಗಿ ಮಿನುಗುತ್ತಿತ್ತು.

“ಅಬ್ಬಬ್ಬಾ! ಇದಽ ಏನ್ರೀ ಆ ಪೈಲ್ವಾನ?”

“ಸೋತ ಜೀವ ಸಾಹೇಬ್ರೆ. ಜ್ವರ ಬಂದು ಎದ್ದದ್ದು” ಎಂದ ಜಟ್ಟಪ್ಪ.

“ಏನ್ ಬಣ್ಣ! ಏನ್ ಠೀವಿ!”

“ಬಣ್ಣ ಬಿಡ್ತದೆ.”

“ನನ್ನ ಜನ್ಮದಾಗ ಇಷ್ಟ ಛಂದ ಜೀವ ನೋಡಿದ್ದಿಲ್ಲ ತಂಗಿ! ಎಷ್ಟ ದೊಡ್ಡದು, ಎಷ್ಟ ಗಟ್ಟಿಮುಟ್ಟ! ಇದಕ್ಕ ನೂರು ವರ್ಷ ಆಯುಷ್ಯ!”

ಗಂಡ ಮಗುವಿನಂತೆ ಸಾಕಿದ ಜೀವ. ಅದರ ಎದುರಿಗೇ, ಅದೂ ಹೊರಗಿನವರು, ಅದೂ ಇಷ್ಟು! “ಬೇಡ ಗಣಪಿ” ಎಂದು ಜಟ್ಟಪ್ಪ ಬಾಯಿ ತೆರೆಯುವಷ್ಟರಲ್ಲಿ ಅವಳ ಎರಡೂ ಕೈ ತೊಟ್ಟಿಯ ಮೇಲಿಂದ ಕೆಳಗೆ ಇಳಿದಾಗಿತ್ತು. ಹತ್ತಿರದ ಗಟ್ಟಿ ವಸ್ತು ತೊಟ್ಟಿಯ ಗಾಜೇ. ಬೆರಳು ಒತ್ತಿದಳು. ಬಿಟ್ಟಳು.

ಇಡೀ ತೊಟ್ಟಿ ಸಾಹೇಬರ ಮಡಿಲಿಗೆ ಬಂತು.

ನೀರು ಇಳಿದ ಮೇಲೆ ನೋಡಿದರೆ ಪೈಲ್ವಾನ ನೆಲದಲ್ಲಿ, ಅವರ ಬೂಟಿನ ಎದುರಿಗೆ. ಹೊಳೆಯುವ ಕಪ್ಪು ಬೂಟು. ಅವನು ಪದ್ಧತಿ ಬಿಡಲಿಲ್ಲ. ಮೀಸೆಯಿಂದ ತಟ್ಟಿ ನೋಡಿದ, ತೆಳುವಾದ ಜಾಗ ಹುಡುಕಿದ, ಕಲ್ಲಿನಂತೆ ಕೂತ, ಬಾರಿಸಿದ. ಸಾಹೇಬರು ಧಾರವಾಡಕ್ಕೆ ಕೇಳುವಂತೆ ಕೂಗಿ ಮೇಜು ಹತ್ತಿದರು. ಕಮಿಟಿಯ ಉಳಿದವರೂ ಹತ್ತಿದರು. ಜಟ್ಟಪ್ಪ ಚೊಂಬಿಗೆ ಓಡಿದ. ಚೊಂಬಿರಲಿಲ್ಲ. ಹೊಟ್ಟೆ ಒಳಗೆ ಹೋದ ಚೊಂಬು ಕಮಿಟಿಯವರ ಕಣ್ಣಿಗೆ ಬೀಳುವುದು ಬೇಡವೆಂದು ತಾನೇ ಅಡಗಿಸಿಟ್ಟದ್ದು ನೆನಪಾಯಿತು. ಎಲ್ಲಿಟ್ಟೆ ಎನ್ನುವುದು ನೆನಪಾಗಲಿಲ್ಲ.

ಗಣಪಿ ನಿಧಾನವಾಗಿ ಕೆಳಗೆ ಕೂತಳು. ಯಂತ್ರದ ಕೈಯನ್ನು ಮಡಚದೆ, ಅಂಗೈ ಬೋಗುಣಿ ಮಾಡಿ ಅವನ ಎದುರಿಗೆ ಇಟ್ಟಳು. ಪೈಲ್ವಾನ ತಗಡಿಗೆ ಒಂದು ಕೊಟ್ಟ. ಅವಳು ಅಲುಗಲಿಲ್ಲ. ಇನ್ನೊಂದು ಕೊಟ್ಟ. “ಹೊಡಿ, ಹೊಡಿ. ನಿನ್ನ ಸಿಟ್ಟು ಇಳೀಲಿ” ಎಂದಳು. ಈ ಜಾತಿಯವು ತಮ್ಮತಮ್ಮಲ್ಲಿ ಜಗಳಕ್ಕೆ ನಿಂತಾಗಲೂ ಹೀಗೇ: ಒಂದು ಬಾಲದ ಗಟ್ಟಿ ಚಿಪ್ಪನ್ನು ಗುರಾಣಿಯಂತೆ ಮುಂದೆ ಮಾಡುತ್ತದೆ, ಇನ್ನೊಂದು ಅದರ ಮೇಲೆ ಗುದ್ದಿ ಎದುರಾಳಿಯ ತಾಕತ್ತು ಅಳೆಯುತ್ತದೆ. ತನಗಿಂತ ಗಟ್ಟಿ ಎನಿಸಿದರೆ ಸುಮ್ಮನಾಗುತ್ತದೆ. ಪೈಲ್ವಾನನೂ ಸುಮ್ಮನಾದ. ಮೈ ಸುತ್ತಿಕೊಂಡು ಅವಳ ಅಂಗೈಯೊಳಗೆ ಕೂತ. ಅವಳು ಎದ್ದು ಅವನನ್ನು ಡ್ರಮ್ಮಿಗೆ ಬಿಟ್ಟಳು.

ಮೇಜಿನ ಮೇಲಿಂದ ಸಾಹೇಬರು ಕೇಳಿದರು, “ತೊಟ್ಟಿ ಯಾಕ ಒಡದಿ ಅವ್ವಾ ನೀನು?”

“ನೀವು ಹೊಗಳಿದ್ರಲ್ಲ ಸಾಹೇಬ್ರೆ, ಅದಕ್ಕೆ.”

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಜಟ್ಟಪ್ಪ ಎಲ್ಲ ಹೇಳಿದ. ಬಾನಿ, ಕನ್ನಡಿ, ತೊಟ್ಟಿಲು, ಅಡುಗೆಕಟ್ಟೆ, ಬೆಕ್ಕು. ಕಾಯಿಯ ಸುಳ್ಳನ್ನೂ ಹೇಳಿದ. ಶಾಲ್ಮಲಿ ಮೇಡಂ ಒದ್ದೆ ನೆಲದಲ್ಲೇ ಕೂತು ಕೇಳಿದಳು. “ಹಾಗಾದ್ರೆ ಯಂತ್ರ ತಾನಾಗಿ ಗುದ್ದಿಲ್ಲ” ಎಂದಷ್ಟೇ ಅಂದಳು. ಆಮೇಲೆ ಅವನ ಕಡೆ ತಿರುಗಿ, “ನನ್ನ ಹತ್ರ ಹೇಳಬಹುದಿತ್ತು ಜಟ್ಟಪ್ಪಣ್ಣ” ಎಂದಳು. ಪೈಲ್ವಾನ ಗುದ್ದಿದ್ದರೂ ಜಟ್ಟಪ್ಪನಿಗೆ ಅಷ್ಟು ನೋಯುತ್ತಿರಲಿಲ್ಲ.

ಸಾಹೇಬರಿಗೆ ಬೈಯಲು ಬರುತ್ತಿರಲಿಲ್ಲ. “ನಮ್ಮವ್ವ ಕಣತಲಿಗೆ ಒತ್ತತಿದ್ಲು. ಸಾಮಾನಿಗೆ ಒತ್ತೋದು ಇಲ್ಲೇ ನೋಡಿದ್ದು” ಎಂದು ಪ್ಯಾಂಟು ಹಿಂಡಿಕೊಂಡರು. ಆದರೆ ಸಹಿ ಹಾಕಲಿಲ್ಲ. ಕಲಗ ಯಾವುದು, ಲಟಿಕೆ ಯಾವುದು ಎಂದು ಯಂತ್ರಕ್ಕೆ ತಿಳಿಯುವ ತನಕ ಅದು ಯಾರ ಕೈಯಲ್ಲೂ ಇರಕೂಡದು. ಮಳೆಗಾಲ ಕಳೆದ ಮೇಲೆ ಮತ್ತೆ ಬರುತ್ತೇನೆ ಎಂದರು. ಮೂರೂ ಕೈ ಕಪಾಟಿಗೆ ಹೋದವು.

ಆ ಮಳೆಗಾಲ ಪೂರ್ತಿ ಗಣಪಿಯ ಜಡೆಯನ್ನು ಜಟ್ಟಪ್ಪನೇ ಹಾಕಿದ. ಅವನಿಗೆ ಬಲೆ ಹೆಣೆಯುವ ಗಂಟು ಮಾತ್ರ ಗೊತ್ತಿತ್ತು. ಬಿಚ್ಚುವಾಗ ಇಬ್ಬರೂ ಬೈದಾಡಿಕೊಳ್ಳುತ್ತಿದ್ದರು.

ಮೇಡಂ ಸಿಟ್ಟು ಇಟ್ಟುಕೊಳ್ಳುವವಳಲ್ಲ. ಒಂದು ದಿನ ಮನೆಗೇ ಬಂದು ಗಣಪಿಯ ಎದುರು ಕೂತು, ಕಲಗ ಒಡೆಯುವುದನ್ನೂ ಲಟಿಕೆ ಮುರಿಯುವುದನ್ನೂ ಮತ್ತೆ ಮತ್ತೆ ಮಾಡಿಸಿ ನೋಡಿದಳು. ಕಲಗಕ್ಕೆ ಬಲಗೈ ಮಾತ್ರ ಮಡಚುತ್ತದೆ, ಎಡಗೈ ಚಿಪ್ಪು ಹಿಡಿದಿರುತ್ತದೆ. ಲಟಿಕೆಗೆ ಎರಡೂ ಒಟ್ಟಿಗೆ ಮಡಚುತ್ತವೆ. ಅವಳು ತೊಡೆ ತಟ್ಟಿಕೊಂಡು ಎದ್ದಳು. ಎಡಗೈಗೆ ಒಂದು ಬಳೆ ಮಾಡಿದಳು. ಎರಡೂ ಕೈ ಒಟ್ಟಿಗೆ ಮಡಚಿದರೆ ಬಳೆಯೇ ಇನ್ನೊಂದು ಅಗುಳಿ ಹಾಕುತ್ತಿತ್ತು. ಯಂತ್ರ ಸುಮ್ಮನಿರುತ್ತಿತ್ತು.

ಗಣಪಿ ತೊಟ್ಟು ತುಳಸಿಯ ಕರುವಿಗೆ ದೃಷ್ಟಿ ತೆಗೆದು ಕಲ್ಲಿಗೆ ಒತ್ತಿದಳು. ಕಲ್ಲು ಒಡೆಯಲಿಲ್ಲ. ಮೇಡಂ ಚಪ್ಪಾಳೆ ತಟ್ಟಿದಳು. ಗಣಪಿ ಮಾತ್ರ ಮುಖ ಗಂಟಿಕ್ಕಿ ಪಟ್ಟಿ ಬಿಚ್ಚತೊಡಗಿದಳು.

“ಏನಾಯ್ತು ಗಣಪಕ್ಕ?”

“ಸದ್ದೆಲ್ಲಿ?”

ಬೆರಳಗಂಟಿನ ಮೇಲೆ ಆ ಮುಷ್ಟಿ ಕೂತಿದ್ದರಿಂದ ಲಟಿಕೆ ಮುರಿಯುತ್ತಿರಲಿಲ್ಲ. ಮೊದಲು ಯಂತ್ರದ ಗುದ್ದಾದರೂ ಕೇಳುತ್ತಿತ್ತು. ಈಗ ಏನೂ ಇಲ್ಲ.

“ಸದ್ದಿಲ್ಲದ ಲಟಿಕೆ ಎಂತ ಲಟಿಕೆ ಮಗಾ? ದೃಷ್ಟಿ ಹೋಯ್ತೋ ಇಲ್ವೋ ಯಾರಿಗೆ ಗೊತ್ತಾಗ್ತದೆ? ಕರುವಿಗೆ ಹೆಚ್ಚುಕಮ್ಮಿ ಆದ್ರೆ ತುಳಸಿ ನನ್ನ ಜೊತೆ ಮಾತಾಡ್ತಾಳಾ? ನಂಗೆ ಬೇಡ ಇದು.”

“ಕೈ ನೋವು?” ಎಂದ ಜಟ್ಟಪ್ಪ.

“ನೋವಿರ್ಲಿ. ಶೆಡ್ಡಿನಿಂದ ತೆಗೀತಾರೆ, ತೆಗೀಲಿ” ಎಂದಳು ಗಣಪಿ. ಆದರೆ ಬಿಚ್ಚಿದ ಯಂತ್ರವನ್ನು ಮಡಿಲಿನಿಂದ ಕೆಳಗಿಡಲಿಲ್ಲ.

ಮೇಡಂ ಅಗುಳಿ, ಬಿಲ್ಲು, ಗುಳ್ಳೆ ಎಲ್ಲ ಓದಿದ್ದಳು. ಲಟಿಕೆ ಎಲ್ಲಿಯೂ ಓದಿರಲಿಲ್ಲ. ಕೊನೆಗೆ ಅವಳಿಗೇ ನಗು ಬಂತು. ಯಂತ್ರವನ್ನು ಎತ್ತಿಕೊಂಡು ಕೇಂದ್ರಕ್ಕೆ ಹೋದಳು.

ಮಳೆ ಬಿಟ್ಟ ಮೇಲೆ ಗಲಗಲಿ ಸಾಹೇಬರು ಬಂದರು. ಈ ಸಲ ಕಾಲಿಗೆ ರಬ್ಬರ್ ಬೂಟು. ಶೆಡ್ಡಿನ ಬಾಗಿಲಲ್ಲಿ ನಿಂತು, ಪರೀಕ್ಷೆಗೆಂದೇ ಗಂಟಲು ಸರಿಮಾಡಿಕೊಂಡು, “ಏನ್ ಕೆಲಸಾ ಮಾಡ್ತೀರವ್ವಾ! ಇಂಥಾ ಹೆಣ್ಣಮಕ್ಕಳು ಲೋಕದಾಗ ಇಲ್ಲ!” ಎಂದರು.

ಮೂವರೂ ಒಬ್ಬರನ್ನೊಬ್ಬರು ನಿವಾಳಿಸಿ ಕಲ್ಲಿನ ಬಾನಿಗೆ ಕೈ ಒತ್ತಿದರು. ಬಾನಿ ಹಾಗೇ ಇತ್ತು. ಆದರೆ ಶೆಡ್ಡಿನ ತುಂಬ ಲಟಲಟಲಟ ಎಂಬ ಸದ್ದು, ಹತ್ತೂ ಬೆರಳಿನದು, ಒಂದೂ ತಪ್ಪದೆ. ಮೇಡಂ ಬಳೆಯೊಳಗೆ ಒಂದು ಗಿಲಕಿ ಇಟ್ಟಿದ್ದಳು. ಸಾಹೇಬರು ಅಲ್ಲೇ ಕಲಗದ ಬುಟ್ಟಿಯ ಮೇಲೆ ಕಾಗದ ಇಟ್ಟು ಸಹಿ ಹಾಕಿದರು. ಹಾಕಿ, ಪಕ್ಕದಲ್ಲಿ ಸುಮ್ಮನೆ ನಿಂತಿದ್ದ ಜಟ್ಟಪ್ಪನ ಹೆಗಲ ಮೇಲೆ ಕೈಯಿಟ್ಟರು.

“ಹೆಂಡ್ತಿ ಕೈ ಉಳೀಲಿ ಅಂತ ಸುಳ್ಳ ಹೇಳಿದಿ, ಚಹಾ ಕೆಡಿಸಿದಿ, ನನ್ನ ಮುಂದ ಇಡೀ ಊರಿಗೆ ಹೆಸರಿಟ್ಟಿ. ಇಂಥಾ ಗಂಡ ಎಲ್ಲಿ ಸಿಗತಾನೋ ಮಾರಾಯಾ! ಭಾಳ ಛಂದ ಮನಷ್ಯಾ ನೀ!”

ಜಟ್ಟಪ್ಪನಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. “ಹಾಗೇನಿಲ್ಲ ಸಾಹೇಬ್ರೆ, ಗೊರಕೆ ಹೊಡೀತೇನೆ” ಎಂದ, ಅಭ್ಯಾಸಬಲದಿಂದ.

ಜೀಪು ಹೋಯಿತು. ಗಣಪಿ ಅವನನ್ನೇ ನೋಡುತ್ತಿದ್ದವಳು ಹತ್ತಿರ ಬಂದು ಎರಡೂ ಕೈ ಎತ್ತಿದಳು. ಏನೋ ಯೋಚಿಸಿ ಇಳಿಸಿದಳು. ಪಟ್ಟಿ ಬಿಚ್ಚಿ ಯಂತ್ರವನ್ನು ಬಾನಿಯ ಮೇಲಿಟ್ಟಳು, ಬಳೆಯನ್ನೂ ಕಳಚಿಟ್ಟಳು. ಬರಿಗೈಯಿಂದ ಅವನ ನೆತ್ತಿಯಿಂದ ಎದೆವರೆಗೆ ನಿವಾಳಿಸಿ, ನೋವಿಗೆ ಒಂದು ಕಣ್ಣು ಮುಚ್ಚಿಕೊಂಡು, ಶೆಡ್ಡಿನ ಕಂಬಕ್ಕೆ ಒತ್ತಿದಳು.

ಒಂದೇ ಒಂದು ಬೆರಳು ಲಟ್ಟೆಂದಿತು.

“ಅಷ್ಟೇನಾ?” ಎಂದ ಜಟ್ಟಪ್ಪ.

“ನಿಮಗೆ ಅಷ್ಟು ಸಾಕು” ಎಂದು ಅವಳು ಯಂತ್ರ ತೊಟ್ಟುಕೊಂಡು ಕಲಗದ ಮುಂದೆ ಕೂತಳು.